ನಂಬರಿಲ್ಲದ ಕಾಯಿ

ಫಿನಾಯಿಲಮ್ಮನ ಮೂಗು ಯಾವಾಗ ಸತ್ತಿತೆಂದು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆಯ ತಳವೆಲ್ಲ ಕರಿ ಹಿಡಿದಿತ್ತು. ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿದು, “ಏನಮ್ಮ, ಮನೆಗೇ ಬೆಂಕಿ ಇಟ್ಕೊಂಡು ಆರಾಮಾಗಿ ಕೂತಿದೀಯಲ್ಲ” ಎಂದಾಗ ಅವಳು ಒಲೆಯಿಂದ ಎರಡೇ ಮಾರು ದೂರದಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವತ್ತು ಗೊತ್ತಾಯಿತು. ಅದಕ್ಕೂ ಮೊದಲು ಎಷ್ಟು ದಿನದಿಂದ ಅವಳ ಪಾಲಿನ ಲೋಕ ವಾಸನೆಯಿಲ್ಲದೆ ನಡೆದಿತ್ತೋ, ಲೆಕ್ಕವಿಟ್ಟವರಿಲ್ಲ.

ಅವಳ ಕೆಲಸವೇ ಅಂಥದ್ದು. ಊರಾಚೆ ಹೆದ್ದಾರಿಯ ಪಕ್ಕದಲ್ಲಿ ಒಂದು ಹಣ್ಣಿನ ಗೋದಾಮು. ಮುಂಬಾಗಿಲಿಂದ ಲಾರಿಗಳು ಬರುತ್ತವೆ. ಒಳಗೆ ಆರು ಉದ್ದನೆಯ ಮೇಜುಗಳ ಅಕ್ಕಪಕ್ಕ ನಿಂತ ನೂರೈವತ್ತು ಜನ ಹಣ್ಣನ್ನು ಆರಿಸಿ, ಒರೆಸಿ, ಪೆಟ್ಟಿಗೆಗೆ ತುಂಬುತ್ತಾರೆ. ಪಕ್ಕದ ಬಾಗಿಲಿಂದ ಬೇರೆ ಲಾರಿಗಳು ಹೋಗುತ್ತವೆ. ಆರಿಸುವಾಗ ಬೇಡವೆನಿಸಿದ್ದು ಹಿಂದಿನ ಸಿಮೆಂಟು ಅಂಗಳದಲ್ಲಿ ಗುಡ್ಡೆ ಬೀಳುತ್ತದೆ. ಸಂಜೆ ಐದಕ್ಕೆ ಮೇಲ್ವಿಚಾರಕ ಬಂದು ಸೀಟಿ ಊದುತ್ತಾನೆ. ಆ ಸೀಟಿಯೇ ಅವನ ಹೆಸರಾಗಿ ನಿಂತುಬಿಟ್ಟಿದೆ. ಆಗ ಫಿನಾಯಿಲಮ್ಮ ಒಂದು ಬಕೆಟ್ ನೀರಿಗೆ ಎರಡು ಲೋಟ ಫಿನಾಯಿಲು, ಒಂದು ಚಿಟಿಕೆ ನೀಲಿ ಬಣ್ಣ ಕಲಸಿ, ಮೂತಿಯಿರುವ ತಗಡಿನ ಕ್ಯಾನಿಗೆ ತುಂಬಿ, ಗುಡ್ಡೆಯ ನೆತ್ತಿಯಿಂದ ಬುಡದವರೆಗೆ ಸುರಿಯುತ್ತಾಳೆ. ಆಮೇಲೆ ಕಸದ ಲಾರಿ.

ಕೊಳೆತದ್ದಕ್ಕೆ ಫಿನಾಯಿಲು ಬೇಕಿಲ್ಲ, ಕೊಳೆತದ್ದನ್ನು ಹೇಗೂ ಯಾರೂ ಮುಟ್ಟುವುದಿಲ್ಲ. ಆ ಗುಡ್ಡೆಯಲ್ಲಿ ಮುಕ್ಕಾಲು ಪಾಲು ಚೆನ್ನಾಗಿರುವ ಹಣ್ಣೇ. ಒಂದರ ಕುತ್ತಿಗೆ ಸೊಟ್ಟ, ಇನ್ನೊಂದರ ಕೆನ್ನೆಯ ಮೇಲೆ ಎಲೆ ತೀಡಿದ ಗೆರೆ, ಮತ್ತೊಂದು ಪೆಟ್ಟಿಗೆಯ ಗುಳಿಗಿಂತ ಒಂದು ಬೆರಳು ದಪ್ಪ. ಸುರಿಯುವುದು ಹಣ್ಣಿನ ಮೇಲಲ್ಲ, ಹಸಿದವರ ಕೈಯ ಮೇಲೆ. ಹಸಿದವರ ಕೈಗೆ ಸಿಕ್ಕಬಾರದು ಎಂಬ ಮಾತಿಗೆ ಒಂದು ಬಣ್ಣವಿದ್ದರೆ ಅದು ನೀಲಿ. ಹನ್ನೊಂದು ವರ್ಷದಿಂದ ಆ ನೀಲಿ ಫಿನಾಯಿಲಮ್ಮನ ಉಗುರಿನ ಸಂದಿಯಿಂದ ಹೋಗಿಲ್ಲ.

ಮೊದಲು ಅವಳೂ ಮೇಜಿನ ಮುಂದೆ ನಿಂತವಳೇ. ಕೆಲಸಕ್ಕೆ ಸೇರಿದ ಎರಡನೇ ವಾರ, ಕೆನ್ನೆಯ ಮೇಲೆ ಕಂದು ಚುಕ್ಕೆಯಿದ್ದ ಒಂದು ಹಳದಿ ಹಣ್ಣನ್ನು ಸೆರಗಿನೊಳಗೆ ಕಟ್ಟಿಕೊಂಡು ಹೊರಟಿದ್ದಳು. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಳು. ಗೇಟಿನವನು ಹಿಡಿದ. ಮರುದಿನ ಆ ಹಣ್ಣನ್ನು ಒಂದು ಸ್ಟೂಲಿನ ಮೇಲಿಟ್ಟು, ಅದರ ಪಕ್ಕದಲ್ಲಿ ಅವಳನ್ನು ದಿನವಿಡೀ ನಿಲ್ಲಿಸಿದರು. ಕೆಲಸದಿಂದ ತೆಗೆಯಲಿಲ್ಲ. ಕದ್ದವಳ ಕೈಗೇ ಕ್ಯಾನು ಕೊಟ್ಟರು, ಅದೇ ಹೆಚ್ಚಿನ ಶಿಕ್ಷೆಯೆಂದು ಅವರಿಗೆ ಗೊತ್ತಿತ್ತು. ಮಗಳು ಈಗ ಇಪ್ಪತ್ತರವಳು, ಅದೇ ಗೋದಾಮಿನ ಮೂರನೇ ಮೇಜಿನಲ್ಲಿ ಕೆಲಸ. ಚಿಕ್ಕವಳಿದ್ದಾಗ “ಅಮ್ಮ, ಎಂಟರ ರುಚಿ ಹೇಗಿರುತ್ತೆ?” ಎಂದು ಕೇಳುತ್ತಿದ್ದವಳು ದೊಡ್ಡವಳಾದ ಮೇಲೆ ಕೇಳುವುದನ್ನು ಬಿಟ್ಟಿದ್ದಳು.

ಎಂಟು ಎಂದರೆ ಆ ಹಳದಿ ಹಣ್ಣು. ಗೋದಾಮಿನಲ್ಲಿ ಹಣ್ಣಿಗೆ ಹೆಸರಿಲ್ಲ. ಎಲ್ಲೆಲ್ಲಿಂದಲೋ ಬಂದ ಜನ ಒಂದೇ ಹಣ್ಣಿಗೆ ಏಳು ಹೆಸರು ಹೇಳುತ್ತಿದ್ದರು, ಏಳು ಹಣ್ಣಿಗೆ ಒಂದೇ ಹೆಸರೂ ಹೇಳುತ್ತಿದ್ದರು. ಒಮ್ಮೆ ಹಾಗೆಯೇ ಒಂದು ಲಾರಿ ತಪ್ಪು ಊರಿಗೆ ಹೋಗಿತ್ತು. ಅಂದಿನಿಂದ ಗೋಡೆಯ ಮೇಲೆ ಒಂದು ಪಟ್ಟಿ: ಒಂದರಿಂದ ನಲವತ್ತೆರಡು, ಪ್ರತಿಯೊಂದಕ್ಕೂ ಒಂದು ಬಣ್ಣದ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ, ‘ಹೆಸರು ಹೇಳಬಾರದು, ನಂಬರು ಹೇಳಬೇಕು. ನಂಬರಿಲ್ಲದ ಮಾಲು ತಿರಸ್ಕೃತ.’ ನೂರೈವತ್ತು ಜನ ಆ ಪಟ್ಟಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ ಸಂತೆಯಲ್ಲೂ “ಒಂದು ಕೆಜಿ ಇಪ್ಪತ್ತಮೂರು ಕೊಡಿ” ಎಂದು ಕೇಳಿ ಬೈಸಿಕೊಂಡು ಬರುತ್ತಿದ್ದರು.

ಅವತ್ತು ಹನ್ನೆರಡರ ಹೊತ್ತಿಗೆ ಬಂದ ಲಾರಿಯ ಚೀಟಿಯಲ್ಲಿ ‘೧೭’ ಎಂದಿತ್ತು. ಹದಿನೇಳು ಎಂದರೆ ಅಂಗೈಯಗಲದ ಕೆಂಪು ಹಣ್ಣು. ಹಮಾಲಿ ತಾತ ಮೊದಲ ಪೆಟ್ಟಿಗೆ ಇಳಿಸಿ ಮುಚ್ಚಳ ಎಬ್ಬಿಸಿದವನು ಅಲ್ಲಿಯೇ ಮಂಡಿಯೂರಿ ಕೂತುಬಿಟ್ಟ. ಎಪ್ಪತ್ತು ವರ್ಷದ ಆ ಮುದುಕ ಐವತ್ತು ಕೆಜಿ ಮೂಟೆಯ ಅಡಿಯಲ್ಲೂ ಮಂಡಿ ಊರಿದವನಲ್ಲ.

ಪೆಟ್ಟಿಗೆಯೊಳಗೆ ಮನುಷ್ಯರ ತಲೆಯಷ್ಟು ದೊಡ್ಡ ಹಸಿರು ಕಾಯಿಗಳು. ಮೈಮೇಲೆ ಜೇನುಹಲ್ಲೆಯ ಹಾಗೆ ಮೂಲೆ ಮೂಲೆಯ ಗೂಡುಗಳು, ಪ್ರತಿಯೊಂದರ ನಡುವೆ ಒಂದು ಮೊಂಡು ಮುಳ್ಳು. ತೊಟ್ಟಿನ ಬಳಿ ಹಾಲು ಒಸರಿ, ಒಣಗಿ, ಮೇಣದ ಹನಿಯಾಗಿ ನಿಂತಿತ್ತು. ಲಾರಿ ತುಂಬ ಅವೇ. ಮೂಲೆಯ ಹತ್ತು ಪೆಟ್ಟಿಗೆಗಳಲ್ಲಿ ಮಾತ್ರ ಬೇರೊಂದು: ಉದ್ದ ತೊಟ್ಟಿನ, ಕೋಳಿಮೊಟ್ಟೆಯ ಆಕಾರದ, ಕಡುಗೆಂಪು ಹಣ್ಣು. ಪಟ್ಟಿಯ ನಲವತ್ತೆರಡು ಚಿತ್ರಗಳಲ್ಲಿ ಇವೆರಡೂ ಇರಲಿಲ್ಲ.

ಸೀಟಿ ಬಂದು ನೋಡಿದ, ಗೋಡೆಯ ಪಟ್ಟಿ ನೋಡಿದ, ಮತ್ತೆ ಕಾಯಿ ನೋಡಿದ. ಕಳಿಸಿದವರಿಗೆ ಅಲ್ಲೇ ಫೋನು ಹಚ್ಚಿದ. ಮಾತಾಡುತ್ತಾ ಆಡುತ್ತಾ ಅವನ ದನಿ ಇಳಿಯಿತು.

“ಅವರ ಪಟ್ಟೀಲಿ ಹದಿನೇಳು ಅಂದ್ರೆ ಇದೇ ಅಂತೆ,” ಎಂದ, ಯಾರಿಗೆ ಹೇಳಬೇಕೆಂದು ತಿಳಿಯದೆ.

ತೂಕದ ಯಂತ್ರದ ಮುಂದೆ ನಿಲ್ಲುವ ತಕ್ಕಡಿಯಕ್ಕನ ನಾಲಿಗೆಗೆ ಆ ಗೋದಾಮಿನಲ್ಲಿ ಯಾರೂ ಎದುರಿಲ್ಲ. “ಅಯ್ಯೋ ಸಾರ್, ನಂಬರಿಗೂ ಊರಿಗೊಂದು ಅರ್ಥ ಇರುತ್ತಾ? ನಾವು ಹೆಸರಿಗೆ ಮಾತ್ರ ಆ ರೋಗ ಅಂದ್ಕೊಂಡಿದ್ವಿ.”

ಸುತ್ತ ನಿಂತವರು ನೆಲ ನೋಡುತ್ತ ನಕ್ಕರು. ಸೀಟಿ ಚೀಟಿಯ ಮೇಲಿನ ಹದಿನೇಳನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ‘ನಂಬರಿಲ್ಲ’ ಎಂದು ಬರೆದು ರುಜು ಹಾಕಿದ. “ವಾಪಸ್ ತಗೊಳಲ್ಲ ಅಂತಾರೆ. ಹಿಂದಕ್ಕೆ ಹಾಕಿ ಎಲ್ಲಾನೂ. ಐದಕ್ಕೆ ಸುರಿದುಬಿಡಲಿ.”

ಫಿನಾಯಿಲಮ್ಮನಿಗೆ ಹನ್ನೊಂದು ವರ್ಷದಲ್ಲಿ ಒಂದು ಇಡೀ ಲಾರಿ ಸುರಿಯುವ ಕೆಲಸ ಬಂದಿರಲಿಲ್ಲ. ಅಂಗಳದಲ್ಲಿ ಹಸಿರು ಬೆಟ್ಟ ಬೆಳೆಯುವುದನ್ನು ಅವಳು ಕ್ಯಾನಿನ ಪಕ್ಕ ಕೂತು ನೋಡಿದಳು. ಬಿಸಿಲು ಬಿದ್ದಾಗ ಒಂದೊಂದು ಕಾಯಿಯ ಮೈಯ ಗೂಡುಗಳೂ ಬೇರೆ ಬೇರೆಯಾಗಿ ಹೊಳೆದವು. ಯಾರೋ ಕೂತು ಒಂದೊಂದನ್ನೂ ಕೈಯಲ್ಲೇ ಕೊರೆದ ಹಾಗಿತ್ತು. ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ತೂಕವಿತ್ತು. ಎಳೆಮಗುವಿನ ತಲೆಯನ್ನು ಹಿಡಿಯುವ ಹಾಗೆ ತನ್ನ ಕೈ ತಾನೇ ಅದರ ಕೆಳಗೆ ಹೋದದ್ದು ಕಂಡು ಅವಳಿಗೇ ಬೆರಗಾಯಿತು.

ಒಂದೂವರೆಗೆ ಊಟದ ಬಿಡುವು. ಅಂಗಳದ ಇನ್ನೊಂದು ತುದಿಯ ತಗಡಿನ ಸೂರಿನಡಿ ಕ್ಯಾಂಟೀನು. ಅಲ್ಲಿಯ ಅಡುಗೆಯವನು ಉಪ್ಪಣ್ಣ. ಉಪ್ಪು ಹಾಕಲು ಮರೆಯುವುದರಿಂದ ಬಂದ ಹೆಸರು ಅದು. ತಟ್ಟೆ ಹಿಡಿದ ಜನ ಅವತ್ತು ಬೆಂಚಿನ ಮೇಲೆ ಕೂರಲಿಲ್ಲ, ಕಾಯಿಯ ಬೆಟ್ಟದ ಸುತ್ತ ನಿಂತರು.

“ರೊಟ್ಟಿಕಾಯಿ,” ಎಂದ ಹಮಾಲಿ ತಾತ. “ಐವತ್ತೆರಡು ವರ್ಷ ಆಯ್ತು ನೋಡಿ. ನಾನು ಹುಟ್ಟಿದ ದ್ವೀಪದಲ್ಲಿ ಮನೆಗೊಂದು ಮರ.”

“ರೊಟ್ಟಿಕಾಯಿಯಂತೆ,” ಎಂದಳು ತಕ್ಕಡಿಯಕ್ಕ. “ತಾತ, ಇದು ಅತ್ತೆಕಾಯಿ. ಮೈಯೆಲ್ಲ ಗರಗಸ, ಮುಟ್ಟಿದ್ರೆ ಅಂಟು, ಒಂದು ಗಂಟೆ ಕುದಿಸಿದ್ರೆ ಇದಾದ್ರೂ ಮೆತ್ತಗಾಗುತ್ತೆ, ನಮ್ಮತ್ತೆ ಸಾಯೋವರೆಗೂ ಆಗಲ್ಲ. ನಮ್ಮಮ್ಮ ಉಪ್ಪುನೀರಲ್ಲಿ ಬೇಯಿಸಿ ಹಿಸುಕಿಡ್ತಿದ್ಳು. ಅವಳ ಅತ್ತೆ ಎದುರಿಗೇ ಆ ಹೆಸರು ಹೇಳ್ತಿದ್ಳು ಬೇರೆ.”

“ಅತ್ತೆ ಏನಂತಿದ್ರು?”

“ಅವರು ಸೊಸೆಕಾಯಿ ಅಂತಿದ್ರು.”

ನಗೆಯ ನಡುವೆ ಇನ್ನೊಂದು ದನಿ ಬಂತು. ಎರಡು ವರ್ಷದಿಂದ ಮೂರನೇ ಮೇಜಿನಲ್ಲಿ ಮಗಳ ಪಕ್ಕವೇ ನಿಲ್ಲುವ, ಹೂಂ ಉಹೂಂ ಬಿಟ್ಟು ಬೇರೆ ಮಾತಾಡದ ಮೌನಿಯ ದನಿ. “ನಮ್ಮ ಕಡೆ ಇದಕ್ಕೆ ಹೆಸರಿಲ್ಲ,” ಎಂದ. “ಊಟ ಅಂತೀವಿ, ಅಷ್ಟೆ. ಊಟ ಆಯ್ತಾ ಅಂದ್ರೆ ಇದನ್ನ ತಿಂದ್ಯಾ ಅಂತ. ಬೇರೆ ಏನಿತ್ತು, ಹೆಸರಿಡೋಕೆ?”

ಯಾರೂ ನಗಲಿಲ್ಲ. ಮಗಳು ತನ್ನ ತಟ್ಟೆಯನ್ನು ಕೆಳಗಿಟ್ಟು ಅವನನ್ನೇ ನೋಡಿದಳು.

ಆದರೆ ಜಗಳವೇನೂ ತಪ್ಪಲಿಲ್ಲ. ತಮ್ಮ ‘ಊಟ’ದೊಳಗೆ ಗೋಲಿಯಂಥ ಬೀಜಗಳಿರುತ್ತವೆ, ಹುರಿದು ತಿನ್ನುವುದು ಬೀಜವನ್ನೇ ಎಂದ ಮೌನಿ. ಬೀಜವಿದ್ದರೆ ಅದು ರೊಟ್ಟಿಕಾಯಿಯೇ ಅಲ್ಲ ಎಂದ ತಾತ. ತನ್ನ ಅತ್ತೆಕಾಯಿ ಇಷ್ಟು ದುಂಡಗಿರಲಿಲ್ಲ, ಇದು ಬೇರೆಯೇ ಜಾತಿಯಿರಬೇಕೆಂದು ತಕ್ಕಡಿಯಕ್ಕನೂ ಹಿಂಜರಿದಳು. ಮೂವರೂ ಒಂದೇ ಕಾಯಿಯ ಮೇಲೆ ಕೈಯಿಟ್ಟುಕೊಂಡು ಇದು ನಿನ್ನದಲ್ಲ, ಇದು ನಿನ್ನದಲ್ಲ ಎನ್ನುತ್ತಿದ್ದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೀಟಿಗೆ ಇದೇ ಬೇಕಾಗಿತ್ತು. “ನಿಮ್ಮ ನಿಮ್ಮಲ್ಲೇ ಒಂದು ಹೆಸರು ಹೊಂದಲ್ಲ, ಇದನ್ನ ಆಹಾರ ಅಂತೀರಾ? ಯಾರಾದ್ರೂ ತಿಂದು ಹೊಟ್ಟೆ ಹಿಡ್ಕೊಂಡ್ರೆ ಮೇಲಿನವರು ಕೇಳೋದು ನನ್ನನ್ನ. ನೋಡಮ್ಮ,” ಫಿನಾಯಿಲಮ್ಮನ ಕಡೆ ತಿರುಗಿದ, “ಐದಕ್ಕೆ ಸೀಟಿ ಊದ್ತೀನಿ. ನೀನು ಸುರೀಬೇಕು. ಸುರೀಲಿಲ್ವೋ, ನಾಳೆಯಿಂದ ನೀನೂ ಬರ್ಬೇಡ, ನಿನ್ನ ಮಗಳೂ ಬರ್ಬೇಡ.”

ಹೂಂ ಎಂದಳು. ಅವನಿಗೆ ಅವಳು ಹೂಂ ಎನ್ನದ ದಿನವೇ ಇರಲಿಲ್ಲ.

ಅವನು ಒಳಗೆ ಹೋದ ಮೇಲೆ ಅವಳು ತಾತನ ಮುಂದೆ ಮಡಿಲಿನ ಕಾಯಿಯನ್ನು ಇಟ್ಟಳು. “ಕುಯ್ದು ನೋಡಿದ್ರೆ ಗೊತ್ತಾಗಲ್ವಾ ತಾತ, ಬೀಜ ಇದೆಯೋ ಇಲ್ವೋ?”

ಅಷ್ಟು ಹೊತ್ತು ಇದು ಯಾರಿಗೂ ಹೊಳೆದಿರಲಿಲ್ಲ. ಸೊಟ್ಟಗಿದೆಯೇ, ಗೆರೆಯಿದೆಯೇ ಎಂದು ಹೊರಗನ್ನು ಮಾತ್ರ ನೋಡುವುದಕ್ಕೆ ಸಂಬಳ ಪಡೆಯುವ ಕೈಗಳವು. ಆ ಗೋದಾಮಿನೊಳಗೆ ಇಷ್ಟು ವರ್ಷದಲ್ಲಿ ಒಂದೇ ಒಂದು ಹಣ್ಣನ್ನು ಯಾರೂ ಕುಯ್ದಿರಲಿಲ್ಲ.

ಉಪ್ಪಣ್ಣ ಚಾಕು ತಂದ. “ಮೊದಲು ಎಣ್ಣೆ ಸವರು,” ಎಂದ ತಾತ. “ಚಾಕುಗೂ, ಕೈಗೂ. ಇಲ್ಲಾಂದ್ರೆ ಇದರ ಹಾಲು ನಿನ್ನನ್ನ ಬಿಡಲ್ಲ.” ಕಾಯಿ ಎರಡು ಹೋಳಾಯಿತು. ಬೀಜವಿರಲಿಲ್ಲ. ಒಳಗೆ ಬೆಣ್ಣೆಯ ಬಣ್ಣದ, ನುಣುಪಾದ, ತೇವದ ತಿರುಳು. ನಡುವೆ ದೀಪದ ಬತ್ತಿಯಂಥ ದಿಂಡು. ನೋಡನೋಡುತ್ತಿದ್ದಂತೆ ಹೋಳಿನ ಅಂಚಿನುದ್ದಕ್ಕೂ ಹಾಲಿನ ಹನಿ ಒಂದೊಂದಾಗಿ ಎದ್ದು ನಿಂತಿತು. ಮರದಿಂದ ಬಿಡಿಸಿ, ಎಷ್ಟೋ ದಿನ ಪೆಟ್ಟಿಗೆಯಲ್ಲಿ ಮುಚ್ಚಿ, ಎಲ್ಲೆಲ್ಲೋ ಸಾಗಿಸಿದ ಮೇಲೂ ಅದು ಇನ್ನೂ ಹಾಲು ಕೊಡುತ್ತಿತ್ತು. ತುತ್ತು ಕೈಯಲ್ಲಿದ್ದವರು ತುತ್ತನ್ನು ಹಾಗೆಯೇ ಹಿಡಿದು ನಿಂತರು.

“ಈ ಹಾಲಲ್ಲಿ ದೋಣಿಯ ಬಿರುಕು ಮುಚ್ತಾರೆ,” ಎಂದ ತಾತ. “ತೊಗಟೆ ಬಡಿದು ಬಡಿದು ಬಟ್ಟೆ ಮಾಡ್ತಿದ್ರು. ನಮ್ಮಜ್ಜಿ ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಎಲೆ ಹಾಸಿ, ಈ ಕಾಯಿ ಹೂತಿಡ್ತಿದ್ಳು. ಒಂದು ವರ್ಷ ಬಿರುಗಾಳಿ ಬಂದು ಒಂದು ಮರ ಉಳೀಲಿಲ್ಲ, ಒಂದು ಸೂರು ಉಳೀಲಿಲ್ಲ. ಅಜ್ಜಿ ಹೋಗಿ ಗುಂಡಿ ತೆಗೆದ್ಳು. ಹುಳಿ ಬಂದ ಹಿಟ್ಟಾಗಿತ್ತು ಒಳಗೆಲ್ಲ. ಅದನ್ನೇ ತಟ್ಟಿ ಸುಟ್ಟು ಕೊಟ್ಳು. ಏಳು ತಿಂಗಳು, ನಮ್ಮ ಕೇರಿಯ ಒಂದು ಮಗುವೂ ಸಾಯಲಿಲ್ಲ.”

ಫಿನಾಯಿಲಮ್ಮ ಹಸಿರು ಬೆಟ್ಟವನ್ನು ನೋಡಿದಳು. ಮಣ್ಣೊಳಗೆ ಹೂತಿಟ್ಟು ಒಂದು ಕೇರಿಯನ್ನು ಉಳಿಸಿದ ಅಜ್ಜಿ ಒಬ್ಬಳು. ಐದು ಗಂಟೆಗೆ ಎದ್ದು ಅದೇ ಕಾಯಿಗೆ ನೀಲಿ ನೀರು ಸುರಿಯುವವಳು ಇನ್ನೊಬ್ಬಳು. ಎರಡೂ ಹೆಂಗಸಿನ ಕೈಯೇ.

“ವಾಸನೆ ಹೇಗಿದೆ?” ಎಂದು ಮಗಳನ್ನು ಕೇಳಿದಳು.

ಮಗಳು ಹೋಳಿನ ಮೇಲೆ ಬಗ್ಗಿದಳು. “ಈಗೇನಿಲ್ಲಮ್ಮ. ಆಗ ತಾನೆ ಗರಗಸ ಹಾಕಿದ ಹಲಗೆ ಥರ.”

“ಸುಡದೆ ಹೇಗೆ ಗೊತ್ತಾಗುತ್ತೆ?” ಎಂದ ತಾತ. “ಉಪ್ಪಣ್ಣ, ಬೆಂಕಿ ಮಾಡ್ತೀಯೋ?”

“ನನ್ನ ಕೆಲಸ ಕಳೀತೀರಾ ನೀವು,” ಎಂದ ಉಪ್ಪಣ್ಣ. ಹೇಳುತ್ತಲೇ ಒಡೆದ ಪೆಟ್ಟಿಗೆಯ ಹಲಗೆಗಳನ್ನು ಮಂಡಿಯ ಮೇಲಿಟ್ಟು ಮುರಿಯತೊಡಗಿದ್ದ.

ಬಿಡುವು ಮುಗಿದು ಎಲ್ಲರೂ ಮೇಜಿಗೆ ಹಿಂತಿರುಗಿದರು. ಅಂಗಳದಲ್ಲಿ ಉಳಿದವರು ಉಪ್ಪಣ್ಣ, ಫಿನಾಯಿಲಮ್ಮ, ಇಳಿಸಲು ಲಾರಿಯಿಲ್ಲದ ತಾತ, ಮೂವರೇ. ತಾತ ಬೆರಳ ಗೆಣ್ಣಿನಿಂದ ಒಂದೊಂದು ಕಾಯಿಯನ್ನೂ ಬಡಿದು, ಕಿವಿಗೊಟ್ಟು ಕೇಳಿ ಎಂಟನ್ನು ಆರಿಸಿದ. ತೊಟ್ಟು ಕೆಳಗೆ ಮಾಡಿ ಹಾಲು ಸೋರಲು ಬಿಟ್ಟ, ಆಮೇಲೆ ಆರನ್ನು ಇಡಿಯಾಗಿ ಬೆಂಕಿಯೊಳಗೆ ಉರುಳಿಸಿದ. ಉಳಿದ ಎರಡನ್ನು ಉಪ್ಪಣ್ಣ ತಕ್ಕಡಿಯಕ್ಕನ ಅಮ್ಮನ ಹಾಗೆ ಉಪ್ಪುನೀರಿಗೆ ಹಾಕಿದ.

“ಉಪ್ಪು ಹಾಕಿದ್ಯಾ?” ಎಂದಳು ಫಿನಾಯಿಲಮ್ಮ.

“ಅಯ್ಯೋ,” ಎಂದು ಅವನು ಡಬ್ಬಿಗೆ ಓಡಿದ.

ಮೊಟ್ಟೆಯಾಕಾರದ ಕೆಂಪು ಹಣ್ಣಿನ ವಿಷಯ ಯಾರಿಗೂ ಗೊತ್ತಿರಲಿಲ್ಲ, ಒಬ್ಬ ಉಪ್ಪಣ್ಣನನ್ನು ಬಿಟ್ಟು. ಅಷ್ಟು ಹೊತ್ತು ಅವನು ಹೇಳಿರಲಿಲ್ಲ, ತನ್ನ ಮಾತಿಗೆ ಬೆಲೆ ಇಲ್ಲವೆಂದುಕೊಂಡಿದ್ದ. “ಓಲೆಹಣ್ಣು ಇದು,” ಎಂದ ನಾಚುತ್ತ. “ಗಿಡದಲ್ಲಿ ಜೋಡಿ ಜೋಡಿಯಾಗಿ ನೇತಾಡುತ್ತೆ. ನಮ್ಮಕ್ಕ ಕಿವಿಗೆ ಹಾಕ್ಕೊಂಡು ಕುಣೀತಿದ್ಳು. ಸಿಪ್ಪೆ ಕಹಿ. ಕೆಂಡದ ಮೇಲೆ ಸುಟ್ಟು ಸುಲಿದುಬಿಟ್ರೆ, ಒಳಗೆ ಹುಳಿ.” ಅಡ್ಡಕ್ಕೆ ಒಂದನ್ನು ಕುಯ್ದು ತೋರಿಸಿದ. ಕಿತ್ತಳೆ ಬಣ್ಣದ ತಿರುಳಿನ ನಡುವೆ, ಕಡುನೇರಳೆ ರಸದಲ್ಲಿ ತೇಲುವ ಕಪ್ಪು ಬೀಜಗಳ ಎರಡು ಸುತ್ತು. ಸುಮ್ಮನೆ ಒಂದು ಹಣ್ಣಿನ ಹೊಟ್ಟೆಯೊಳಗೆ, ಯಾರೂ ನೋಡದ ಕತ್ತಲಲ್ಲಿ, ಇಷ್ಟು ಬಣ್ಣ ಯಾರಿಗಾಗಿ ಬಳಿದಿಟ್ಟಿತ್ತೋ. ಫಿನಾಯಿಲಮ್ಮ ಬೀಜ ಎಣಿಸಲು ನೋಡಿ ಸೋತಳು.

ಸುಟ್ಟು, ಸುಲಿದು, ಹಸಿಮೆಣಸು ಉಪ್ಪಿನ ಜೊತೆ ಕಲ್ಲಿನ ಮೇಲೆ ಜಜ್ಜಿದ. ಈ ಸಲ ಉಪ್ಪನ್ನು ತಾನಾಗಿಯೇ ಹಾಕಿದ.

ಮೂರೂವರೆಯ ಹೊತ್ತಿಗೆ ಕಾಯಿಗಳ ಮೈ ಇದ್ದಿಲಾಗಿ, ತೊಟ್ಟಿನ ತೂತಿನಿಂದ ಆವಿ ಏಳತೊಡಗಿತು. ಫಿನಾಯಿಲಮ್ಮನಿಗೆ ಕಂಡದ್ದು ಆವಿ ಮಾತ್ರ. ಆದರೆ ತಾತ ಕಣ್ಣು ಮುಚ್ಚಿದ್ದು ಕಂಡಿತು. ಉಪ್ಪಣ್ಣನ ಮೂಗಿನ ಹೊಳ್ಳೆ ಅರಳಿದ್ದು ಕಂಡಿತು. ಅಂಗಳದ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ತಲೆಯೆತ್ತಿತು. ಆಮೇಲೆ ಗೋದಾಮಿನ ದೊಡ್ಡ ಫ್ಯಾನುಗಳು ಆ ಗಾಳಿಯನ್ನು ಒಳಗೆಳೆದುಕೊಂಡವು. ಕಿಟಕಿಯ ಆಚೆ ನೋಡುತ್ತಾಳೆ: ಮೊದಲನೇ ಮೇಜಿನವರ ಕೈ ನಿಂತಿತು. ಎರಡನೇ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿದರು. ಮೂರು, ನಾಲ್ಕು, ಐದು. ವಾಸನೆ ನಡೆದು ಹೋಗುವ ದಾರಿಯನ್ನು ಅವಳು ಕಣ್ಣಾರೆ ಕಂಡಳು. ಹಣ್ಣಿನ ಗೋದಾಮಿನಲ್ಲಿ ಹತ್ತಾರು ವರ್ಷ ದುಡಿದವರು ಮೊದಲ ಸಲ ಊಟದ ವಾಸನೆ ಹಿಡಿದ ಹಾಗೆ ತಲೆ ಎತ್ತಿ ನಿಂತಿದ್ದರು.

ನಾಲ್ಕೂವರೆಗೆ ಚಹಾದ ಬಿಡುವು ಹತ್ತು ನಿಮಿಷ. ಜನ ಸಾಲಾಗಿ ಬರಲಿಲ್ಲ, ಒಟ್ಟಿಗೆ ಬಂದರು. ತಾತ ಇದ್ದಿಲಿನ ಸಿಪ್ಪೆ ಕೆರೆದು, ಕಾಯಿಯನ್ನು ಸೀಳಿ, ದಿಂಡು ತೆಗೆದ. ಒಳಗೆ ಹೊಗೆಯಾಡುವ, ಅರಳಿದ, ಎಳೆ ಎಳೆಯಾಗಿ ಬಿಡುವ ತಿರುಳು.

“ಈಗ?” ಎಂದಳು ಫಿನಾಯಿಲಮ್ಮ ಮಗಳಿಗೆ.

ಮಗಳು ಆವಿಯ ಮೇಲೆ ಬಗ್ಗಿದಳು. “ಹೇಗೆ ಹೇಳ್ಲಿ ಅಮ್ಮ. ರಜಾ ದಿನ ನೀನು ಬೆಳಿಗ್ಗೆ ಎದ್ದು ಒಲೆ ಮುಂದೆ ಕೂತು ರೊಟ್ಟಿ ಬೇಯಿಸ್ತಿದ್ದೆಯಲ್ಲ, ನಾನಿನ್ನೂ ಹಾಸಿಗೆ ಬಿಟ್ಟಿರ್ತಿರ್ಲಿಲ್ಲ. ಆ ಹೊತ್ತಿನ ವಾಸನೆ ಇದು.”

ಆ ವಾಸನೆ ಇಂದಿಗೂ ಎಲ್ಲೋ ಇದೆ, ಮಗಳ ಮೂಗಿನೊಳಗಾದರೂ ಇದೆ ಎಂದು ಫಿನಾಯಿಲಮ್ಮ ಎಂದೂ ಯೋಚಿಸಿರಲಿಲ್ಲ.

ಆದರೆ ಯಾರೂ ಕೈ ಮುಂದೆ ಮಾಡಲಿಲ್ಲ. ಬಾಗಿಲಲ್ಲಿ ಸೀಟಿ ನಿಂತಿದ್ದ. “ತಿಂದವರ ಹೆಸರು ಬರ್ಕೊಳ್ತೀನಿ,” ಎಂದ. ತಾತನ ಕೈಯಲ್ಲಿದ್ದ ಹೋಳು ಹಾಗೇ ನಿಂತಿತು. ಅವನಿಗೆ ಸೊಸೆಯಿದ್ದಾಳೆ, ಇಬ್ಬರು ಮೊಮ್ಮಕ್ಕಳು. ತಕ್ಕಡಿಯಕ್ಕ ಮೊದಲ ಸಲ ಮಾತು ಮರೆತು ನಿಂತಳು.

ಫಿನಾಯಿಲಮ್ಮ ಮುಂದೆ ಬಂದು ಹೋಳನ್ನು ತೆಗೆದುಕೊಂಡಳು. ಜಜ್ಜಿದ ಕೆಂಪು ಹಣ್ಣಿನಲ್ಲಿ ಅದ್ದಿದಳು. ಬಾಯಿಗೆ ಹಾಕುವ ಮೊದಲು ತನ್ನ ನೀಲಿ ಉಗುರನ್ನು ನೋಡಿ, ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಅದೂ ನೀಲಿಯೇ ಆಗಿತ್ತು. ತಿಂದಳು.

ಅವಳಿಗೆ ವಾಸನೆ ಇಲ್ಲ. ಆದರೆ ನಾಲಿಗೆಗೆ ಉಪ್ಪು ಬಂತು, ಹುಳಿ ಬಂತು, ಖಾರ ಬಂತು. ಅವೆಲ್ಲದರ ಕೆಳಗೆ ಮೆತ್ತಗಿನ, ಬಿಸಿಯ, ಎಲ್ಲಕ್ಕೂ ಜಾಗ ಕೊಡುವ ಏನೋ ಒಂದು ಬಂತು. ಅದಕ್ಕೆ ಅವಳಲ್ಲಿ ಮಾತಿರಲಿಲ್ಲ. ಗಂಟಲಿನಿಂದ ಅದು ಇಳಿಯುವುದು, ಎದೆ ದಾಟುವುದು, ಹೊಟ್ಟೆಯಲ್ಲಿ ಕೂರುವುದು ಎಲ್ಲವೂ ಗೊತ್ತಾಯಿತು.

“ಬರ್ಕೊಳ್ಳಿ ಸಾರ್,” ಎಂದಳು. “ಐದಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಇದೆ. ಅಷ್ಟರಲ್ಲಿ ನಾನು ಸತ್ರೆ ಸುರಿಯೋದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ.”

ಚಹಾದ ಬಿಡುವು ಮುಗಿಯಿತು. ಯಾರೂ ಒಳಗೆ ಹೋಗಲಿಲ್ಲ. ಅವಳು ಸಿಮೆಂಟು ಕಟ್ಟೆಯ ಮೇಲೆ ಕೂತಳು, ನೂರೈವತ್ತು ಜನ ಅವಳನ್ನು ನೋಡುತ್ತ ನಿಂತರು. ಮಗಳು ಬಂದು ಪಕ್ಕದಲ್ಲಿ ಕೂತು, “ಹೊಟ್ಟೆ ನೋಯ್ತಿದೆಯಾ?” ಎಂದಳು ಮೆಲ್ಲಗೆ. “ಇಲ್ವೇ. ಹೊಟ್ಟೆ ಇದೆ ಅಂತ ಗೊತ್ತಾಗ್ತಿದೆ,” ಎಂದಳು ತಾಯಿ. ಮಗಳು ಎರಡನೇ ಹೋಳು ತೆಗೆದುಕೊಂಡಳು. ಮೂರನೆಯದು ಮೌನಿ. “ಬೀಜ ಇಲ್ಲದಿದ್ರೂ ಇದು ಊಟಾನೇ,” ಎಂದ ಬಾಯಿ ತುಂಬಿಕೊಂಡು. ಆಮೇಲೆ ಎಷ್ಟು ಕೈ ಬಂದವೋ.

“ತಾತ, ನಿಮ್ಮ ರೊಟ್ಟಿಕಾಯಿ ಸೋತಿತು,” ಎಂದಳು ತಕ್ಕಡಿಯಕ್ಕ, ನಾಲಿಗೆ ತಿರುಗಿ ಬಂದಿತ್ತು. “ಬೇಯಿಸಿದ್ದು ನೋಡಿ, ನಮ್ಮತ್ತೆಯಷ್ಟು ಮೆತ್ತಗಾಗಿದೆ.”

“ಸಾಯೋವರೆಗೂ ಆಗಲ್ಲ ಅಂತಿದ್ಯಲ್ಲ?”

“ಉಪ್ಪು ಬಿದ್ದಿದೆ ಇವತ್ತು. ಅದಕ್ಕೆ.”

ಐದಕ್ಕೆ ಸೀಟಿ ತುಟಿಗೆ ಸೀಟಿ ಇಟ್ಟ. ಅವನೂ ಬೆಳಿಗ್ಗೆ ಎಂಟಕ್ಕೆ ತಿಂದವನು, ಒಂದೂವರೆ ಗಂಟೆಯಿಂದ ಆ ಗಾಳಿಯಲ್ಲೇ ನಿಂತವನು. ಊದಿದ. ಬಾಯ್ತುಂಬ ನೀರೂರಿದ್ದರಿಂದ ಸೀಟಿಯಿಂದ ಬಂದದ್ದು ಗುಳುಗುಳು ಸದ್ದು. ಒರೆಸಿಕೊಂಡು ಮತ್ತೆ ಊದಿದ. ಮತ್ತೆ ಗುಳುಗುಳು. ಯಾರೂ ನಗಲಿಲ್ಲ. ಅವನ ಕಣ್ಣಿನಲ್ಲಿ ಒಂದು ಕ್ಷಣ ಕಂಡದ್ದು ಸಿಟ್ಟಲ್ಲ, ಹಸಿವು. ಅದನ್ನು ಎಲ್ಲರೂ ಕಂಡರು, ಎಲ್ಲರಿಗೂ ಅದರ ಪರಿಚಯವಿತ್ತು.

ಹನ್ನೊಂದು ವರ್ಷದ ರೂಢಿ: ಫಿನಾಯಿಲಮ್ಮ ಎದ್ದಳು, ಕ್ಯಾನು ಎತ್ತಿಕೊಂಡಳು. ಜನ ದಾರಿ ಬಿಟ್ಟರು. ಅವಳು ಹಸಿರು ಬೆಟ್ಟದ ಮುಂದೆ ಬಂದಳು, ನಿಂತಳು, ದಾಟಿ ಹೋದಳು. ಅಂಗಳದ ಮೂಲೆಯ ಕಕ್ಕಸಿನ ಬಾಗಿಲನ್ನು ಕಾಲಿನಿಂದ ತಳ್ಳಿ ಇಡೀ ಕ್ಯಾನನ್ನು ಒಳಗೆ ಬಗ್ಗಿಸಿದಳು.

“ಇದರ ಜಾಗ ಇದು,” ಎಂದಳು ಹೊರಗೆ ಬಂದು. “ಹನ್ನೊಂದು ವರ್ಷ ತಪ್ಪು ಜಾಗಕ್ಕೆ ಸುರಿದೆ. ನಾಳೆ ಬರ್ಬೇಡ ಅಂದ್ರೆ ಬರಲ್ಲ ಸಾರ್. ಇವತ್ತು ಸುರಿಯಲ್ಲ.”

ಸೀಟಿ ಫೋನು ಹಿಡಿದು ಒಳಗೆ ಹೋದ.

ಗೇಟಿನ ಬಳಿ ಸಂಜೆಯ ಸಾಲು. ಪ್ರತಿಯೊಬ್ಬರ ಮಡಿಲಲ್ಲಿ, ಚೀಲದಲ್ಲಿ, ತಲೆಯ ಮೇಲೆ ಹಸಿರು ಕಾಯಿ. ಗೇಟಿನವನು ಅಂದು ಅವಳನ್ನು ಹಿಡಿದ ಅದೇ ಮನುಷ್ಯ. ಹನ್ನೊಂದು ವರ್ಷದಿಂದ ಫಿನಾಯಿಲಮ್ಮ ಗೇಟು ದಾಟುವಾಗ ಅವನು ಬೂಟಿನ ಲೇಸು ಕಟ್ಟಿಕೊಳ್ಳುತ್ತಿರುತ್ತಾನೆ. ಇವತ್ತು ಬಗ್ಗಲಾಗಲಿಲ್ಲ, ಸಾಲು ಅಷ್ಟು ಉದ್ದವಿತ್ತು.

“ಗೇಟಿನ ಮೇಲಿರೋ ಬೋರ್ಡ್ ಓದಣ್ಣ,” ಎಂದಳು ಎಲ್ಲರಿಗಿಂತ ಮುಂದಿದ್ದ ತಕ್ಕಡಿಯಕ್ಕ. “ನಂಬರಿನ ಮಾಲು ಹೊರಗೆ ಒಯ್ಯಬಾರದು ಅಂತಿದೆ. ಇದಕ್ಕೆ ನಂಬರಿಲ್ಲ. ಚೀಟಿ ಮೇಲೆ ನಿಮ್ಮ ಸಾಹೇಬರ ರುಜು ಇದೆ, ಹೋಗಿ ನೋಡು.”

ಗೇಟಿನವನು ಬೋರ್ಡನ್ನು ಎರಡು ಸಲ ಓದಿದ. ರಿಜಿಸ್ಟರು ತೆರೆದು, ಪೆನ್ನಿನ ತುದಿ ಕಚ್ಚಿ, “ವಸ್ತು ಅಂತ ಒಂದು ಕಾಲಮ್ಮಿದೆ. ಏನಂತ ಬರೀಲಿ?” ಎಂದ.

“ಅತ್ತೆಕಾಯಿ.”

ಬರೆದ. ತಾತ ರೊಟ್ಟಿಕಾಯಿ ಎಂದ, ಬರೆದ. ಮೌನಿ ಊಟ ಎಂದ. ಗೇಟಿನವನು ಅವನ ಮುಖ ನೋಡಿ, ಬರೆದ. ಹಿಂದಿನವರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಗುಡ್ಡದ ಮೇಲಿನವರ ಹೆಸರು, ನದಿಯಾಚೆಯವರ ಹೆಸರು, ಯಾರದೋ ಅಜ್ಜಿ ಇಟ್ಟ ಹೆಸರು. ಗೊತ್ತಿಲ್ಲದವರು ಅಲ್ಲಿಯೇ ಕಟ್ಟಿದ ಹೆಸರು ಕೂಡ. ಹಾಲುಗಾಯಿ, ಬೆಟ್ಟದ ತಲೆ, ಹಸಿರು ಬುತ್ತಿ. ಒಂದು ಪುಟ ತುಂಬಿ ಇನ್ನೊಂದು ಪುಟಕ್ಕೆ ಹೋಯಿತು. ನಂಬರು ಮಾತ್ರ ಬರೆದು ಸವೆದಿದ್ದ ಆ ರಿಜಿಸ್ಟರಿನಲ್ಲಿ ಮೊದಲ ಸಲ ಮಾತುಗಳು ಸಾಲುಗಟ್ಟಿದವು. ಗೇಟಿನವನಿಗೆ ಬರೆಯುತ್ತ ಬರೆಯುತ್ತ ಅಕ್ಷರ ದುಂಡಗಾಯಿತು.

ಕೊನೆಗೆ ಫಿನಾಯಿಲಮ್ಮ, ಪಕ್ಕದಲ್ಲಿ ಮಗಳು. ತಾಯಿಯ ಕೈಯಲ್ಲಿ ಒಂದೇ ಕಾಯಿ. ಅದನ್ನು ಸೆರಗಿನೊಳಗೆ ಇಟ್ಟುಕೊಂಡಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಎದೆಯ ಮುಂದೆ ಹಿಡಿದಿದ್ದಳು.

ಗೇಟಿನವನು ಪೆನ್ನು ಎತ್ತಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. “ನಿಮ್ಮದು ಏನಂತ ಬರೀಲಿ, ಅಕ್ಕ?”

ಅವಳಿಗೆ ಹೆಸರು ಗೊತ್ತಿರಲಿಲ್ಲ. ತಾತನದನ್ನು ಹೇಳಬಹುದಿತ್ತು, ತಕ್ಕಡಿಯಕ್ಕನದನ್ನೂ ಹೇಳಬಹುದಿತ್ತು. ನಾಳೆ ಈ ಗೇಟು ತನಗೆ ತೆರೆಯುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೊಟ್ಟೆಯಲ್ಲಿ ಇನ್ನೂ ಉಳಿದಿದ್ದ ಬಿಸಿಯೊಂದೇ. ಕಾಯಿಯನ್ನು ಮಗಳ ಕೈಗೆ ಕೊಟ್ಟಳು. ಮಗಳ ಅಂಗೈ, ತನ್ನದರ ಹಾಗೆಯೇ, ತಾನಾಗಿ ಅದರ ಕೆಳಗೆ ಹೋಯಿತು.

“ಬಿಸಿ ಇತ್ತು ಅಂತ ಬರ್ಕೋ,” ಎಂದಳು.